ಡಿ-ಸ್ಕೂಲ್ ಕಟ್ಟಿದ್ದು ಯಾರು? ಸ್ಮರಣ ಸಂಚಿಕೆಗೆ ಬರೆಯುವ ಮುಂಚೆ

ಪ್ರಶ್ನೆ: ನಾನು ಬಳ್ಳಾರಿ ಜಿಲ್ಲೆಯ ಒಂದು ಪದವಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುತ್ತೇನೆ. ನಮ್ಮ ವಿಭಾಗಕ್ಕೆ ಐವತ್ತು ವರ್ಷ ತುಂಬುತ್ತಿದೆ ಅಂತ ಸ್ಮರಣ ಸಂಚಿಕೆ ತರುತ್ತಿದ್ದೇವೆ. ಡಾ. ವಿ.ಕೆ.ಆರ್.ವಿ. ರಾವ್ ಅವರು ನಮ್ಮ ಕ್ಷೇತ್ರದ ಎಂಪಿ ಆಗಿದ್ದವರಲ್ಲವೇ, ಅವರು ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್ (ಡಿ-ಸ್ಕೂಲ್) ಕಟ್ಟಿದ ಕಥೆ ಬರೆಯಿರಿ ಎಂದು ಪ್ರಿನ್ಸಿಪಾಲರು ಹೇಳಿದ್ದಾರೆ. ಹುಡುಕಲು ಕೂತರೆ ತಲೆ ಕೆಟ್ಟುಹೋಯಿತು. ಒಂದು ಕಡೆ 1942 ಅಂತಿದೆ, ಇನ್ನೊಂದು ಕಡೆ 1949 ಅಂತಿದೆ. ಅದಕ್ಕೆ ಹೆಸರು ತಂದಿದ್ದು, ಅಷ್ಟೇ ಏಕೆ, ಕಟ್ಟಿದ್ದೂ ಅಮರ್ತ್ಯ ಸೇನ್ ಮತ್ತು ಮನಮೋಹನ್ ಸಿಂಗ್ ಎಂದು ಒಬ್ಬ ಸಹೋದ್ಯೋಗಿಯ ವಾದ. ‘ಕನ್ನಡಿಗ ಕಟ್ಟಿದ ಸಂಸ್ಥೆ’ ಅಂತಲೇ ತಲೆಬರಹ ಹಾಕಿ ಎಂದು ಇನ್ನೊಬ್ಬರು. ಲಂಡನ್ನಿನ ನಕಲು ಅಂತಲೂ ಓದಿದೆ, ನೆಹರೂ ಸರ್ಕಾರದ ಸಂಸ್ಥೆ ಅಂತಲೂ ಓದಿದೆ. ಅಚ್ಚಾದ ಮೇಲೆ ಯಾರಾದರೂ ತಪ್ಪು ಹಿಡಿದರೆ ಏನು ಮಾಡಲಿ? ಇನ್ನೊಂದು ವಿಷಯ. ನಮ್ಮ ವಿಭಾಗ ಯಾವ ವರ್ಷ ಶುರುವಾಯಿತು ಎಂಬುದರ ಬಗ್ಗೆಯೇ ಸ್ಟಾಫ್ ರೂಮಿನಲ್ಲಿ ಜಗಳ ನಡೆಯುತ್ತಿದೆ. ಅದಕ್ಕೂ ಒಂದು ದಾರಿ ಹೇಳಿ.
(ಒಬ್ಬ ಉಪನ್ಯಾಸಕಿ, ಬಳ್ಳಾರಿ ಜಿಲ್ಲೆ)

ಉತ್ತರ: ಮೇಡಂ, ನಿಮ್ಮ ಚಿಂತೆ ಎರಡು ಥರದ್ದು. ಇಸವಿ, ಹೆಸರು ತಪ್ಪಬಾರದು ಎಂಬುದು ಒಂದು. ಯಾರಿಗೆ ಎಷ್ಟು ಪಾಲು ಕೊಡಬೇಕು ಎಂಬುದು ಇನ್ನೊಂದು. ಮೊದಲನೆಯದು ಸುಲಭ. ಎರಡನೆಯದರಲ್ಲೇ ಸ್ಮರಣ ಸಂಚಿಕೆಗಳು ಎಡವುವುದು ಜಾಸ್ತಿ. ನಾನು ಅರ್ಥಶಾಸ್ತ್ರದ ಚರಿತ್ರೆ ಪಾಠ ಮಾಡುವವನು. ಇಂಥ ಸಂಚಿಕೆಗಳ ಲೇಖನಗಳನ್ನು ತಿದ್ದಿಕೊಡಿ ಎಂದು ಕೇಳುವವರು ಆಗಾಗ ಬರುತ್ತಾರೆ. ಬಹುಪಾಲು ಲೇಖನಗಳಲ್ಲಿ ಒಬ್ಬ ಮಹನೀಯರು ಒಂದು ಶುಭದಿನ ದೀಪ ಹಚ್ಚುತ್ತಾರೆ, ವಿಭಾಗ ಹುಟ್ಟಿಬಿಡುತ್ತದೆ. ದುಡ್ಡು ಯಾರು ಕೊಟ್ಟರು, ಹುದ್ದೆ ಯಾರು ಮಂಜೂರು ಮಾಡಿದರು, ಪುಸ್ತಕ ಎಲ್ಲಿಂದ ಬಂತು ಎಂಬ ಮಾತೇ ಇರುವುದಿಲ್ಲ. ಡಿ-ಸ್ಕೂಲ್ ವಿಷಯದಲ್ಲಿ ಈ ಪ್ರಶ್ನೆಗಳನ್ನು ಕೇಳಿದರೆ ನಿಮ್ಮ ಅರ್ಧ ಗೊಂದಲ ಅಲ್ಲೇ ಬಗೆಹರಿಯುತ್ತದೆ.

ಮೊದಲು ಸೇನ್ ಮತ್ತು ಸಿಂಗ್ ವಿಷಯ ಮುಗಿಸಿಬಿಡೋಣ. ಅಮರ್ತ್ಯ ಸೇನ್ ಹುಟ್ಟಿದ್ದು 1933ರ ನವೆಂಬರ್‌ನಲ್ಲಿ. ಸ್ಕೂಲ್ ಶುರುವಾದ 1949ರಲ್ಲಿ ಅವರು ಇನ್ನೂ ಕಾಲೇಜು ಮೆಟ್ಟಿಲು ಹತ್ತದ ಹುಡುಗ. ಅವರು ಡಿ-ಸ್ಕೂಲ್‌ಗೆ ಪ್ರೊಫೆಸರ್ ಆಗಿ ಬಂದದ್ದು 1963ರಲ್ಲಿ, ಬಿಟ್ಟುಹೋದದ್ದು 1971ರಲ್ಲಿ. ಮನಮೋಹನ್ ಸಿಂಗ್ ಅಲ್ಲಿ ಅಂತರರಾಷ್ಟ್ರೀಯ ವ್ಯಾಪಾರ ಕಲಿಸಿದ್ದು 1969ರಿಂದ 1971ರವರೆಗೆ ಮಾತ್ರ. ಇಬ್ಬರೂ ದೊಡ್ಡವರು, ಇಬ್ಬರೂ ಅಲ್ಲಿದ್ದದ್ದು ನಿಜ. ಆದರೆ ಅವರು ಬಂದಾಗ ಮನೆ ಕಟ್ಟಿ ಗೃಹಪ್ರವೇಶವೂ ಆಗಿ ವರ್ಷಗಳಾಗಿದ್ದವು. ನಿಮ್ಮ ಸಹೋದ್ಯೋಗಿಗೆ ಈ ಇಸವಿಗಳನ್ನು ತೋರಿಸಿದರೆ ಸಾಕು, ವಾದ ಮುಗಿಯುತ್ತದೆ.

ಈಗ 1942 ಮತ್ತು 1949. ಎರಡೂ ಸರಿಯೇ. ದೆಹಲಿ ವಿಶ್ವವಿದ್ಯಾಲಯ ಶುರುವಾದದ್ದು 1922ರಲ್ಲಿ. ಅದರ ಕಾಲೇಜುಗಳಲ್ಲಿ ಕೆಲವು ಅದಕ್ಕಿಂತ ಹಳೆಯವು. ಸೇಂಟ್ ಸ್ಟೀಫನ್ಸ್ 1881ರದ್ದು, ಹಿಂದೂ ಕಾಲೇಜು 1899ರದ್ದು. ಪಾಠ ನಡೆಯುತ್ತಿದ್ದದ್ದು ಕಾಲೇಜುಗಳಲ್ಲಿ. ವಿಶ್ವವಿದ್ಯಾಲಯಕ್ಕೇ ಸೇರಿದ ಗಟ್ಟಿ ವಿಭಾಗಗಳು ಬೇಕು ಎಂದು ಹಟ ಹಿಡಿದವರು 1938ರಿಂದ 1950ರವರೆಗೆ ಉಪಕುಲಪತಿಯಾಗಿದ್ದ ಸರ್ ಮಾರಿಸ್ ಗ್ವಾಯರ್. ಫೆಡರಲ್ ಕೋರ್ಟಿನ ಮುಖ್ಯ ನ್ಯಾಯಾಧೀಶರಾಗಿದ್ದ ಇಂಗ್ಲಿಷ್ ಮನುಷ್ಯ. ದೇಶದ ಬೇರೆ ಬೇರೆ ಕಡೆಯಿಂದ ಚುರುಕಾದ ಯುವಕರನ್ನು ಹುಡುಕಿ ಕರೆತಂದು ಪ್ರೊಫೆಸರ್ ಮಾಡುವುದು ಅವರ ಕ್ರಮವಾಗಿತ್ತು. ಅರ್ಥಶಾಸ್ತ್ರಕ್ಕೆ ಬಂದವರು ರಾವ್. ಅದು 1942. ಅವರಿಗಾಗ 34 ವರ್ಷ. ಸ್ಕೂಲ್ ಆಫ್ ಎಕನಾಮಿಕ್ಸ್ ಎಂಬ ಸಂಸ್ಥೆ ಶುರುವಾಗಿ, ರಾವ್ ಅದರ ಮೊದಲ ನಿರ್ದೇಶಕರಾದದ್ದು 1949ರಲ್ಲಿ. ಅಂದರೆ ವಿಶ್ವವಿದ್ಯಾಲಯದ ಅರ್ಥಶಾಸ್ತ್ರ ವಿಭಾಗ ಸ್ಕೂಲ್‌ಗಿಂತ ಹಳೆಯದು. ನೀವು ‘ರಾವ್ 1942ರಲ್ಲಿ ದೆಹಲಿಗೆ ಬಂದರು, 1949ರಲ್ಲಿ ಸ್ಕೂಲ್ ಶುರುಮಾಡಿದರು’ ಎಂದು ಬರೆದರೆ ಯಾರೂ ತಪ್ಪು ಹಿಡಿಯಲಾರರು.

ಇನ್ನೊಂದು ಸಣ್ಣ ತಪ್ಪು ಎಲ್ಲ ಕಡೆ ಕಾಣಿಸುತ್ತದೆ, ಹೇಳಿಬಿಡುತ್ತೇನೆ. ಡಿ-ಸ್ಕೂಲ್ ಅಂದರೆ ಅರ್ಥಶಾಸ್ತ್ರ ವಿಭಾಗ ಮಾತ್ರವೇ ಎಂದು ಬರೆಯುತ್ತಾರೆ. ಅದೇ ಆವರಣದಲ್ಲಿ ಸಮಾಜಶಾಸ್ತ್ರ, ಭೂಗೋಳ, ವಾಣಿಜ್ಯ ವಿಭಾಗಗಳೂ ಇವೆ. ಸಮಾಜಶಾಸ್ತ್ರದ ವಿಷಯಕ್ಕೆ ಆಮೇಲೆ ಬರುತ್ತೇನೆ. ನಿಮ್ಮ ಲೇಖನಕ್ಕೆ ಅದು ಬೇಕಾಗುತ್ತದೆ.

ಭಾರತದಲ್ಲಿ ಅರ್ಥಶಾಸ್ತ್ರಕ್ಕೆ ಇದೇ ಮೊದಲ ವಿಭಾಗ ಎಂದೂ ಬರೆಯಬೇಡಿ. ಕಲ್ಕತ್ತದಲ್ಲಿ ಮಿಂಟೊ ಪ್ರೊಫೆಸರ್ ಪೀಠ 1909ರ ಹೊತ್ತಿಗೇ ಇತ್ತು. ಮದ್ರಾಸಿನಲ್ಲಿ ಗಿಲ್ಬರ್ಟ್ ಸ್ಲೇಟರ್ 1915ರಲ್ಲಿ ಪ್ರೊಫೆಸರ್ ಆಗಿ ಬಂದು, ವಿದ್ಯಾರ್ಥಿಗಳನ್ನು ಅವರವರ ಊರಿಗೇ ಕಳಿಸಿ ಹಳ್ಳಿಗಳ ಸಮೀಕ್ಷೆ ಮಾಡಿಸಿದರು. ಅಲಹಾಬಾದ್, ಬಾಂಬೆ, ಲಖನೌ ಎಲ್ಲವೂ ದೆಹಲಿಗಿಂತ ಮುಂಚಿನವು. ನಮ್ಮ ಮೈಸೂರು ವಿಶ್ವವಿದ್ಯಾಲಯ ಶುರುವಾದದ್ದೇ 1916ರಲ್ಲಿ. ಅಲ್ಲಿ ಅರ್ಥಶಾಸ್ತ್ರ ಕಲಿಸಿದ ಎನ್.ಎಸ್. ಸುಬ್ಬರಾವ್ ಅವರು ಮುಂದೆ ಉಪಕುಲಪತಿಗಳೂ ಆದರು. ದೆಹಲಿ ಈ ಸಾಲಿಗೆ ತಡವಾಗಿ ಬಂದ ಸಂಸ್ಥೆ. ತಡವಾಗಿ ಬಂದದ್ದೇ ಅದಕ್ಕೆ ಲಾಭವಾಯಿತು ಎಂಬುದು ನನ್ನ ಅಭಿಪ್ರಾಯ. ಯಾಕೆ ಅಂತ ಹೇಳುತ್ತೇನೆ.

ರಾವ್ ಹುಟ್ಟಿದ್ದು 1908ರಲ್ಲಿ, ಕಂಚಿಯಲ್ಲಿ. ಬಾಂಬೆಯ ವಿಲ್ಸನ್ ಕಾಲೇಜಿನಲ್ಲಿ ಓದಿದರು. ಆಮೇಲೆ ಕೇಂಬ್ರಿಡ್ಜ್. ಹೆಸರಾಂತ ಅರ್ಥಶಾಸ್ತ್ರಜ್ಞ ಕೇನ್ಸ್ ಅಲ್ಲಿ ಇದ್ದ ಕಾಲ ಅದು. ಅಲ್ಲಿ ರಾವ್ ಹಿಡಿದುಕೊಂಡ ಕೆಲಸ ಬ್ರಿಟಿಷ್ ಭಾರತದ 1931-32ರ ರಾಷ್ಟ್ರೀಯ ಆದಾಯವನ್ನು ಲೆಕ್ಕ ಹಾಕುವುದು. ಆಗ ನಮ್ಮಲ್ಲಿ ಸರಿಯಾದ ಅಂಕಿ ಅಂಶವೇ ಇರಲಿಲ್ಲ. ಬೇಸಾಯದಂಥ ಕಡೆ ಎಷ್ಟು ಬೆಳೆಯಿತು, ಅದರ ಬೆಲೆ ಎಷ್ಟು ಎಂದು ಲೆಕ್ಕ ಹಾಕಿದರು. ನೌಕರಿ, ವ್ಯಾಪಾರದಂಥ ಕಡೆ ಯಾರಿಗೆ ಎಷ್ಟು ಸಂಪಾದನೆ ಎಂದು ಲೆಕ್ಕ ಹಾಕಿದರು. ಎರಡನ್ನೂ ಜೋಡಿಸಿದರು. ಬಂದ ಉತ್ತರ ತಲೆಗೆ ವರ್ಷಕ್ಕೆ ಸುಮಾರು 62 ರೂಪಾಯಿ. ದಾದಾಭಾಯಿ ನವರೋಜಿ 1867-68ಕ್ಕೆ 20 ರೂಪಾಯಿ ಎಂದಿದ್ದನ್ನು ನಾವೆಲ್ಲ ಪಾಠದಲ್ಲಿ ಹೇಳುತ್ತೇವೆ, ಅಲ್ವಾ? ನವರೋಜಿಯವರದು ಬ್ರಿಟಿಷರ ಮೇಲೆ ಹೊರಿಸಿದ ಆಪಾದನೆಗೆ ಬೇಕಾದ ಲೆಕ್ಕ. ರಾವ್ ಅವರದು ಆಡಳಿತ ನಡೆಸುವವನಿಗೆ ಬೇಕಾಗುವ ಲೆಕ್ಕ. ಈ ವ್ಯತ್ಯಾಸ ಮುಂದೆ ಅವರು ಕಟ್ಟಿದ ಸಂಸ್ಥೆಯಲ್ಲೂ ಕಾಣುತ್ತದೆ.

ಅವರು ಅಹಮದಾಬಾದಿನ ಎಲ್.ಡಿ. ಆರ್ಟ್ಸ್ ಕಾಲೇಜಿನ ಪ್ರಿನ್ಸಿಪಾಲರಾಗಿದ್ದು, ಅಲ್ಲಿಂದ ದೆಹಲಿಗೆ ಬಂದರು. ಬಂದ ಕಾಲ ಎಂಥದ್ದು ನೋಡಿ. ಎರಡನೇ ಮಹಾಯುದ್ಧ ನಡೀತಿದೆ. ರೇಷನ್ ಬಂದಿದೆ. 1943ರಲ್ಲಿ ಬಂಗಾಳದ ಬರ. ದೇಶದಲ್ಲಿ ಎಷ್ಟು ಅಕ್ಕಿ ಇದೆ, ಎಷ್ಟು ಗೋಧಿ ಇದೆ ಎಂದು ಸರ್ಕಾರಕ್ಕೇ ಗೊತ್ತಿಲ್ಲ. ರಾವ್ ಆಹಾರ ಇಲಾಖೆಯಲ್ಲಿ ಅಂಕಿ ಅಂಶದ ಕೆಲಸಕ್ಕೂ ಹೋದರು, ಸ್ವಾತಂತ್ರ್ಯದ ಹೊತ್ತಿಗೆ ವಾಷಿಂಗ್ಟನ್ನಿನ ರಾಯಭಾರ ಕಚೇರಿಯಲ್ಲೂ ಇದ್ದರು. 1949ರಲ್ಲಿ ಭಾರತ ಸರ್ಕಾರ ರಾಷ್ಟ್ರೀಯ ಆದಾಯ ಸಮಿತಿ ಮಾಡಿತು. ಸಂಖ್ಯಾಶಾಸ್ತ್ರಜ್ಞ ಮಹಾಲನೋಬಿಸ್ ಅಧ್ಯಕ್ಷರು. ಸದಸ್ಯರು ಇಬ್ಬರೇ: ಪುಣೆಯ ಡಿ.ಆರ್. ಗಾಡ್ಗೀಳ್ ಮತ್ತು ರಾವ್. ಮರುವರ್ಷ ಯೋಜನಾ ಆಯೋಗ ಬಂತು. ಡಿ-ಸ್ಕೂಲ್ ಹುಟ್ಟಿದ್ದೂ ಅದೇ 1949ರಲ್ಲಿ. ಸುಮ್ನೆ ಕೂಡಿಬಂದ ಕಾಕತಾಳೀಯ ಅಲ್ಲ ಇದು. ಹೊಸ ದೇಶಕ್ಕೆ ಲೆಕ್ಕ ಬಲ್ಲ, ಯೋಜನೆ ಬಲ್ಲ ಅರ್ಥಶಾಸ್ತ್ರಜ್ಞರು ದಂಡಿಯಾಗಿ ಬೇಕಾಗಿದ್ದರು. ಅವರು ಬೇಕಾಗಿದ್ದದ್ದು ದೆಹಲಿಯಲ್ಲಿ. ಕಲ್ಕತ್ತ, ಮದ್ರಾಸ್, ಬಾಂಬೆಯ ವಿಭಾಗಗಳು ವಸಾಹತು ಕಾಲದ ಪ್ರಶ್ನೆಗಳ ಜೊತೆ ಬೆಳೆದಿದ್ದವು. ರೂಪಾಯಿ ವಿನಿಮಯ ದರ, ಸುಂಕ, ಭೂಕಂದಾಯ, ಇಂಥವು. ದೆಹಲಿಗೆ ಅಂಥ ಹಳೆಯ ಹೊರೆ ಇರಲಿಲ್ಲ. ತಡವಾಗಿ ಬಂದದ್ದು ಲಾಭವಾಯಿತು ಎಂದು ನಾನು ಹೇಳಿದ್ದು ಇದಕ್ಕೇ.

ನೆಹರೂ ಸರ್ಕಾರದ ಸಂಸ್ಥೆ ಎಂಬ ಮಾತಿನಲ್ಲಿ ಅರ್ಧ ಸತ್ಯ ಇದೆ. ಸ್ಕೂಲ್ ನಡೆಸಲು ಮಾಡಿಕೊಂಡ ಸೊಸೈಟಿಗೆ ನೆಹರೂ ಅಧ್ಯಕ್ಷರಾಗಿದ್ದರು. ಅವರ ಹೆಸರಿನಿಂದ ಬಾಗಿಲುಗಳು ತೆರೆದವು ಎಂಬುದರಲ್ಲಿ ಅನುಮಾನ ಬೇಡ. ಆದರೆ ಅದು ಸರ್ಕಾರದ ಇಲಾಖೆಯಾಗಿ ಹುಟ್ಟಿದ್ದಲ್ಲ. ವಿಶ್ವವಿದ್ಯಾಲಯದ ಜೊತೆಗೇ ಇದ್ದು, ಹೊರಗಿನಿಂದಲೂ ನೆರವು ತರುವಂಥ ಏರ್ಪಾಡು ಅದು. ಅಲ್ಲಿನ ಗ್ರಂಥಾಲಯದ ಹೆಸರು ರತನ್ ಟಾಟಾ ಲೈಬ್ರರಿ. ಸರ್ ರತನ್ ಟಾಟಾ ಟ್ರಸ್ಟಿನ ನೆರವಿನ ಗುರುತು ಅದು. ಮುಂದೆ ಆಡಳಿತವೆಲ್ಲ ವಿಶ್ವವಿದ್ಯಾಲಯದ ಕೈಗೇ ಬಂತು.

ಇಷ್ಟೆಲ್ಲ ತಾಪತ್ರಯ ಯಾಕೆ, ಇರುವ ವಿಭಾಗವನ್ನೇ ದೊಡ್ಡದು ಮಾಡಬಹುದಿತ್ತಲ್ಲ ಎಂದು ನಿಮ್ಮ ವಿದ್ಯಾರ್ಥಿಗಳು ಕೇಳಬಹುದು. ವಿಶ್ವವಿದ್ಯಾಲಯದ ಒಳಗೆ ಕೆಲಸ ಮಾಡಿದವರಿಗೆ ಉತ್ತರ ಗೊತ್ತು. ಆಗಿನ ವಿಭಾಗ ಅಂದರೆ ಒಬ್ಬ ಪ್ರೊಫೆಸರ್, ಅವರ ಕೆಳಗೆ ಇಬ್ಬರು ಮೂವರು. ಆ ಒಬ್ಬರು ನಿವೃತ್ತರಾಗುವವರೆಗೆ ಉಳಿದವರು ಕಾಯಬೇಕು. ಹೊಸ ಹುದ್ದೆ ಕೇಳಿದರೆ ಬೇರೆ ವಿಭಾಗಗಳವರು ಕಣ್ಣು ಕೆಂಪು ಮಾಡುತ್ತಾರೆ. ಸ್ಕೂಲ್ ಎಂಬ ಚೌಕಟ್ಟು ಬಂದರೆ ಹಲವು ಪ್ರೊಫೆಸರ್‌ಗಳು ಇರಬಹುದು. ಎಂಎ ಪಾಠ ಮತ್ತು ಸಂಶೋಧನೆ ಒಂದೇ ಸೂರಿನಡಿ ನಡೆಯಬಹುದು. ಹೊರಗಿನ ನೆರವನ್ನೂ ತರಬಹುದು.

ಲಂಡನ್ನಿನ ನಕಲು ಎಂಬ ಮಾತಿಗೆ ಇಲ್ಲಿಂದಲೇ ಉತ್ತರ ಸಿಗುತ್ತದೆ. ಹೆಸರು ಅಲ್ಲಿಂದ ಬಂದದ್ದು ಮೇಲುನೋಟಕ್ಕೇ ಕಾಣುತ್ತದೆ. ಅದನ್ನು ಮುಚ್ಚಿಡುವ ಅಗತ್ಯವಿಲ್ಲ. ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ ಅನ್ನು ಸಿಡ್ನಿ ಮತ್ತು ಬಿಯಾಟ್ರಿಸ್ ವೆಬ್ ಮತ್ತವರ ಗೆಳೆಯರು 1895ರಲ್ಲಿ ಶುರುಮಾಡಿದರು. ಅದು ವಿಶ್ವವಿದ್ಯಾಲಯದ ಹೊರಗೆ ಹುಟ್ಟಿ, 1900ರಲ್ಲಿ ಲಂಡನ್ ವಿಶ್ವವಿದ್ಯಾಲಯದ ಭಾಗವಾಯಿತು. ದೆಹಲಿಯದು ಮೊದಲಿಂದಲೂ ವಿಶ್ವವಿದ್ಯಾಲಯದ ಪ್ರೊಫೆಸರ್ ಒಬ್ಬರು ಒಳಗಿದ್ದುಕೊಂಡೇ ಕಟ್ಟಿದ್ದು. ಲಂಡನ್ನಿನಲ್ಲಿ ಸಂಜೆ ಪಾಠಕ್ಕೆ ಬರುವ ನೌಕರರೂ ಇದ್ದರು. ದೆಹಲಿಯಲ್ಲಿ ಒತ್ತು ಇದ್ದದ್ದು ಎಂಎ ಮತ್ತು ಸಂಶೋಧನೆಗೆ. ರಾವ್ ಓದಿದ್ದು ಕೇಂಬ್ರಿಡ್ಜಿನಲ್ಲಿ, ಲಂಡನ್ನಿನಲ್ಲಿ ಅಲ್ಲ. ಲಂಡನ್ ಸ್ಕೂಲ್‌ನಿಂದ ಪಿಎಚ್‌ಡಿ ಮಾಡಿ ಬಂದವರು ಕೆ.ಎನ್. ರಾಜ್.

ರಾಜ್ ಹೆಸರು ನಿಮ್ಮ ಪತ್ರದಲ್ಲಿ ಇಲ್ಲ. ನೀವು ಓದಿದ ಕಡೆಯಲ್ಲೂ ಇರಲಿಕ್ಕಿಲ್ಲ. ಆದರೆ ಡಿ-ಸ್ಕೂಲ್ ಕಥೆಯಲ್ಲಿ ರಾವ್ ಅವರ ನಂತರ ಯಾರ ಹೆಸರು ಬರೆಯಬೇಕು ಎಂದರೆ ನಾನು ರಾಜ್ ಹೆಸರನ್ನೇ ಹೇಳುವುದು, ಸೇನ್ ಹೆಸರನ್ನಲ್ಲ. ಕೇರಳದವರು. ಮೊದಲ ಪಂಚವಾರ್ಷಿಕ ಯೋಜನೆ ಬರೆದವರ ಗುಂಪಿನಲ್ಲಿದ್ದ ಹುಡುಗ. 1953ರಲ್ಲಿ ಯೋಜನಾ ಆಯೋಗ ಬಿಟ್ಟು ಡಿ-ಸ್ಕೂಲ್‌ಗೆ ಬಂದಾಗ 29 ವರ್ಷ. ಭಾಕ್ರಾ ನಂಗಲ್ ಅಣೆಕಟ್ಟೆಗೆ ಹಾಕಿದ ದುಡ್ಡಿನಿಂದ ಏನಾಯಿತು ಎಂದು ಅಧ್ಯಯನ ಮಾಡಿ 1960ರಲ್ಲಿ ಪ್ರಕಟಿಸಿದರು. ತುಂಗಭದ್ರಾ ಅಣೆಕಟ್ಟೆಯ ಕೆಳಗೆ ಇರುವ ನಿಮಗೆ ಆ ಪ್ರಶ್ನೆ ಎಷ್ಟು ಹತ್ತಿರದ್ದು ಎಂದು ಬೇರೆ ಹೇಳಬೇಕಾಗಿಲ್ಲ.

ಆಮೇಲೆ ಬಂದವರ ವಯಸ್ಸು ನೋಡಿ. ಜಗದೀಶ್ ಭಗವತಿ 1962ರಲ್ಲಿ ಬಂದಾಗ 28ರ ಆಸುಪಾಸು. ಸೇನ್ ಮತ್ತು ಸುಖಮೊಯ್ ಚಕ್ರವರ್ತಿ 1963ರಲ್ಲಿ ಬಂದಾಗ 30 ಇನ್ನೂ ತುಂಬಿರಲಿಲ್ಲ. ಇಂಥ ಹುಡುಗರನ್ನು ಪ್ರೊಫೆಸರ್ ಕುರ್ಚಿಯಲ್ಲಿ ಕೂರಿಸುವುದಕ್ಕೆ ಹಿರಿಯರಲ್ಲಿ ದೊಡ್ಡ ಮನಸ್ಸು ಬೇಕು. ಅದಕ್ಕಿಂತ ಹೆಚ್ಚಾಗಿ ಹುದ್ದೆಗಳು ಬೇಕು. ಹುದ್ದೆಗಳನ್ನು ಸೃಷ್ಟಿ ಮಾಡುವ ಚೌಕಟ್ಟು 1949ರಲ್ಲಿ ತಯಾರಾಗಿತ್ತು. ಜನರನ್ನು ಆರಿಸುವ ಕಣ್ಣು ರಾಜ್ ಅವರದು. ಅರವತ್ತರ ದಶಕವನ್ನು ಡಿ-ಸ್ಕೂಲ್‌ನ ಸುವರ್ಣಕಾಲ ಎಂದು ಬರೆಯುವವರು ಈ ಎರಡನ್ನೂ ಬಿಟ್ಟುಬಿಡುತ್ತಾರೆ. ಫಲ ಕಾಣುತ್ತದೆ, ಹತ್ತು ಹದಿನೈದು ವರ್ಷ ಹಿಂದಿನ ಫೈಲುಗಳು ಕಾಣುವುದಿಲ್ಲ.

ನಷ್ಟದ ಲೆಕ್ಕವನ್ನೂ ಬರೆಯಿರಿ. ಸರ್ಕಾರಕ್ಕೆ ಹತ್ತಿರ ಇದ್ದದ್ದರಿಂದ ಮೇಷ್ಟ್ರುಗಳು ಸಮಿತಿಗಳಿಗೆ, ಆಯೋಗಗಳಿಗೆ ಹೋಗಿ ಬರುತ್ತಲೇ ಇದ್ದರು. ರಾವ್ ಅವರೇ 1957ರಲ್ಲಿ ವಿಶ್ವವಿದ್ಯಾಲಯದ ಉಪಕುಲಪತಿಯಾದರು. ಆಮೇಲೆ ಯೋಜನಾ ಆಯೋಗದ ಸದಸ್ಯರಾದರು. ಬಿ.ಎನ್. ಗಂಗೂಲಿ, ರಾಜ್ ಇವರೂ ಒಬ್ಬರಾದ ಮೇಲೆ ಒಬ್ಬರು ಉಪಕುಲಪತಿಗಳಾದರು. ಒಂದು ವಿಭಾಗದಿಂದ ಇಷ್ಟು ಜನ ಆಡಳಿತಕ್ಕೆ ಹೋಗುವುದು ಹೆಮ್ಮೆಯ ಮಾತು ಹೌದು. ಪಾಠ ಕೇಳುತ್ತಿದ್ದ ಹುಡುಗರಿಗೆ ಏನಾಯಿತು ಎಂದೂ ಕೇಳಬೇಕಲ್ಲ. ಎಪ್ಪತ್ತರ ದಶಕದ ಹೊಸ್ತಿಲಲ್ಲಿ ಒಂದು ದೊಡ್ಡ ವಲಸೆಯೇ ನಡೆಯಿತು. ಭಗವತಿ 1968ರಲ್ಲಿ ಅಮೆರಿಕಕ್ಕೆ, ಸೇನ್ 1971ರಲ್ಲಿ ಲಂಡನ್ನಿಗೆ, ಸಿಂಗ್ ಸರ್ಕಾರಕ್ಕೆ. ರಾಜ್ ತಿರುವನಂತಪುರಕ್ಕೆ ಹೋಗಿ ಅಲ್ಲಿ ಸೆಂಟರ್ ಫಾರ್ ಡೆವಲಪ್‌ಮೆಂಟ್ ಸ್ಟಡೀಸ್ ಕಟ್ಟಿದರು.

ಇನ್ನು ನಿಮ್ಮ ‘ಕನ್ನಡಿಗ ಕಟ್ಟಿದ ಸಂಸ್ಥೆ’ ತಲೆಬರಹ. ನನ್ನನ್ನು ಕೇಳಿದರೆ ಬೇಡ. ಕಂಚಿಯಲ್ಲಿ ಹುಟ್ಟಿ, ಬಾಂಬೆಯಲ್ಲಿ ಓದಿ, ದೆಹಲಿಯಲ್ಲಿ ಬಾಳಿದ ಮನುಷ್ಯನನ್ನು ಒಂದು ಊರಿಗೆ ಬರೆದುಕೊಟ್ಟರೆ ಪಕ್ಕದ ರಾಜ್ಯದವರೂ ಅದೇ ತಲೆಬರಹ ಹಾಕುತ್ತಾರೆ, ಜಗಳಕ್ಕೆ ಕೊನೆ ಇರುವುದಿಲ್ಲ. ಅಂಥ ಜಗಳದ ಅಗತ್ಯವೂ ನಮಗಿಲ್ಲ. ಯಾಕೆಂದರೆ ಯಾರೂ ಅಲ್ಲಗಳೆಯಲಾಗದ ನಂಟುಗಳೇ ಬೇಕಾದಷ್ಟಿವೆ. ರಾವ್ 1967ರಲ್ಲಿ ಮತ್ತು 1971ರಲ್ಲಿ ಬಳ್ಳಾರಿಯಿಂದ ಲೋಕಸಭೆಗೆ ಆರಿಸಿ ಬಂದರು. ಇಂದಿರಾ ಗಾಂಧಿ ಮಂತ್ರಿಮಂಡಲದಲ್ಲಿ ಮೊದಲು ಸಾರಿಗೆ ಮತ್ತು ಹಡಗು ಖಾತೆ, ಆಮೇಲೆ ಶಿಕ್ಷಣ ಖಾತೆ ನೋಡಿಕೊಂಡರು. 1972ರಲ್ಲಿ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಅಧ್ಯಯನ ಸಂಸ್ಥೆ ಕಟ್ಟಿದರು. ನಾಗರಬಾವಿಯಲ್ಲಿರುವ, ನಾವೆಲ್ಲ ಐಸೆಕ್ ಎಂದು ಕರೆಯುವ ಸಂಸ್ಥೆ ಅದೇ.

ಈಗ ಸಮಾಜಶಾಸ್ತ್ರದ ವಿಷಯ. ರಾವ್ ಉಪಕುಲಪತಿಯಾಗಿದ್ದಾಗ, 1959ರಲ್ಲಿ, ಡಿ-ಸ್ಕೂಲ್‌ನಲ್ಲಿ ಸಮಾಜಶಾಸ್ತ್ರ ವಿಭಾಗ ಶುರುವಾಯಿತು. ಅದನ್ನು ಕಟ್ಟಲು ಬರೋಡಾದಿಂದ ಬಂದವರು ಮೈಸೂರಿನ ಎಂ.ಎನ್. ಶ್ರೀನಿವಾಸ್. ಮಹಾರಾಜ ಕಾಲೇಜಿನಲ್ಲಿ ಓದಿದವರು. ಮೈಸೂರಿನ ಹತ್ತಿರದ ಒಂದು ಹಳ್ಳಿಯಲ್ಲಿ ಇದ್ದು ಜಾತಿ, ಒಕ್ಕಲುತನ, ಜಗಳ, ಹಬ್ಬ ಎಲ್ಲವನ್ನೂ ನೋಡಿ ಬರೆದವರು. ಅರ್ಥಶಾಸ್ತ್ರದವರು ಅಂಕಿ ಲೆಕ್ಕ ಹಾಕುವ ಕಟ್ಟಡದಲ್ಲೇ ಹಳ್ಳಿಗೆ ಹೋಗಿ ಕೂತು ನೋಡಿ ಎಂದು ಹೇಳುವ ಮೇಷ್ಟ್ರು ಬಂದರು. ಇದು ರಾವ್ ಅವರ ಅತಿ ಜಾಣ ಕೆಲಸಗಳಲ್ಲಿ ಒಂದು ಎಂದು ನನಗೆ ಅನಿಸುತ್ತದೆ. 1972ರಲ್ಲಿ ಶ್ರೀನಿವಾಸ್ ಅವರೂ ದೆಹಲಿ ಬಿಟ್ಟು ಐಸೆಕ್‌ಗೆ ಬಂದರು. ಅಂದರೆ ಡಿ-ಸ್ಕೂಲ್ ಕಟ್ಟಿದ ಇಬ್ಬರು ಬೆಂಗಳೂರಿನಲ್ಲಿ ಇನ್ನೊಂದು ಸಲ ಜೊತೆಗೂಡಿದರು. ಬಳ್ಳಾರಿಯ ಓದುಗರಿಗೆ ಈ ಕಥೆ ಸಾಲದೇ?

ಕನ್ನಡನಾಡಿನ ನಂಟು ಇದ್ದ ಅರ್ಥಶಾಸ್ತ್ರಜ್ಞರೆಲ್ಲ ಒಂದೇ ಕಡೆ ನಿಂತವರಲ್ಲ ಎಂಬುದನ್ನೂ ಒಂದು ಪ್ಯಾರಾದಲ್ಲಿ ಹೇಳಿ. ಎರಡನೇ ಯೋಜನೆಯ ಕರಡನ್ನು ನೋಡಲು 1955ರಲ್ಲಿ ಅರ್ಥಶಾಸ್ತ್ರಜ್ಞರ ಒಂದು ಮಂಡಳಿ ಕೂಡಿತು. ಅದರಲ್ಲಿ ಭಿನ್ನಮತದ ಟಿಪ್ಪಣಿ ಬರೆದವರು ಒಬ್ಬರೇ, ಆಗಿನ ದಕ್ಷಿಣ ಕನ್ನಡದಲ್ಲಿ ಹುಟ್ಟಿದ ಬಿ.ಆರ್. ಶೆಣೈ. ನೋಟು ಅಚ್ಚು ಹಾಕಿ ಯೋಜನೆ ನಡೆಸಿದರೆ ಬೆಲೆ ಏರುತ್ತದೆ ಎಂದು ಅವರು ಎಚ್ಚರಿಸಿದರು. ಮಾರನೇ ವರ್ಷ ಬಾಂಬೆಯಲ್ಲಿ ಸಿ.ಎನ್. ವಕೀಲ್ ಜೊತೆ ಸೇರಿ ಭಾರೀ ಯಂತ್ರೋದ್ಯಮಕ್ಕೆ ಒತ್ತು ಕೊಟ್ಟ ಮಹಾಲನೋಬಿಸ್ ದಾರಿಗೆ ಬದಲಿ ಸೂಚಿಸಿದವರು, ಭಾರೀ ಯಂತ್ರಕ್ಕಿಂತ ಮೊದಲು ದುಡಿಯುವವನ ಅನ್ನ ಬಟ್ಟೆ ನೋಡಿ ಎಂದವರು, ಪಿ.ಆರ್. ಬ್ರಹ್ಮಾನಂದ. ಅವರೂ ಮೈಸೂರಿನ ಮಹಾರಾಜ ಕಾಲೇಜಿನವರೇ. ದೆಹಲಿ ಒಂದು ದಾರಿ, ಬಾಂಬೆ ಒಂದು ದಾರಿ, ಅಹಮದಾಬಾದಿನಲ್ಲಿದ್ದ ಶೆಣೈ ಇನ್ನೊಂದು ದಾರಿ.

ಹಾಗಂತ ದೆಹಲಿಯವರು ದುಡ್ಡು ಸುರಿದರೆ ಎಲ್ಲ ಸರಿಹೋಗುತ್ತದೆ ಎಂದು ನಂಬಿದ್ದರು ಎಂದು ಮಾತ್ರ ಬರೆಯಬೇಡಿ. 1952ರಲ್ಲಿ ಡಿ-ಸ್ಕೂಲ್‌ನಿಂದ ಇಂಡಿಯನ್ ಎಕನಾಮಿಕ್ ರಿವ್ಯೂ ಎಂಬ ಪತ್ರಿಕೆ ಶುರುವಾಯಿತು. ಅದೇ ವರ್ಷ ಅದರಲ್ಲಿ ರಾವ್ ಬರೆದ ಲೇಖನ ಕೇನ್ಸ್ ಅವರ ಗುಣಕದ ಬಗ್ಗೆ. ನೀವು ಪದವಿ ತರಗತಿಗೆ ಗುಣಕ ಪಾಠ ಮಾಡುತ್ತೀರಲ್ಲ, ಅದೇ. ಸರ್ಕಾರ ನೂರು ರೂಪಾಯಿ ಖರ್ಚು ಮಾಡಿದರೆ ಅದು ಕೂಲಿಯವನ ಕೈಗೆ, ಅಲ್ಲಿಂದ ಅಂಗಡಿಯವನ ಕೈಗೆ, ಅಲ್ಲಿಂದ ಗಿರಣಿಗೆ ಹೋಗಿ ಒಟ್ಟು ಆದಾಯ ನೂರಕ್ಕಿಂತ ಜಾಸ್ತಿ ಏರುತ್ತದೆ. ಇಂಗ್ಲೆಂಡಿನಲ್ಲಿ ಇದು ಸರಿ ಎಂದರು ರಾವ್. ಅಲ್ಲಿ ಗಿರಣಿ ಇದೆ, ಯಂತ್ರ ಇದೆ, ಬೇಡಿಕೆ ಇಲ್ಲದೆ ಸುಮ್ಮನೆ ನಿಂತಿದೆ. ಬೇಡಿಕೆ ಬಂದರೆ ನಾಳೆಯೇ ಬಟ್ಟೆ ಹೊರಬರುತ್ತದೆ. ನಮ್ಮಲ್ಲಿ ಕೂಲಿಯವನ ಕೈಗೆ ದುಡ್ಡು ಬಂದರೆ ಅವನು ಮೊದಲು ಕೊಳ್ಳುವುದು ಜೋಳ. ಜೋಳ ಬೆಳೆಯಲು ಹೊಲ ಬೇಕು, ನೀರು ಬೇಕು, ಮುಂದಿನ ಹಂಗಾಮು ಬರಬೇಕು. ಹೊಲದಲ್ಲಿ ಕೆಲಸವಿಲ್ಲದ ಜನ ಇದ್ದಾರೆ ಎಂದಮಾತ್ರಕ್ಕೆ ಬೆಳೆ ಹೆಚ್ಚುವುದಿಲ್ಲ. ಹಾಗಾಗಿ ಬೆಳೆಗಿಂತ ಮೊದಲು ಬೆಲೆ ಏರುತ್ತದೆ. ಕೇಂಬ್ರಿಡ್ಜಿನಲ್ಲಿ ಕಲಿತದ್ದನ್ನು ಹಾಗೇ ತಂದು ಇಲ್ಲಿ ಒಪ್ಪಿಸದೆ, ಇಲ್ಲಿನ ಹೊಲಕ್ಕೆ ಹಿಡಿದು ನೋಡಿದ ಲೇಖನ ಅದು. ನಿಮ್ಮ ಸಂಚಿಕೆಯಲ್ಲಿ ಉದ್ಘಾಟನೆ, ಬಿರುದು, ಪದ್ಮವಿಭೂಷಣದ ಸಾಲುಗಳನ್ನು ಕಡಿಮೆ ಮಾಡಿ, ಈ ಲೇಖನಕ್ಕೆ ಎರಡು ಪುಟ ಕೊಡಿ. ವಿದ್ಯಾರ್ಥಿಗಳು ಓದುತ್ತಾರೆ.

ಹಾಗಾದರೆ ಹೇಗೆ ಬರೆಯಬೇಕು? ಮೂರು ದಾರಿ ಇದೆ. ರಾವ್ ಅವರ ಜೀವನ ಚರಿತ್ರೆಯಾಗಿ ಬರೆಯಬಹುದು. ಓದಲು ಸುಲಭ, ಪ್ರಿನ್ಸಿಪಾಲರಿಗೂ ಖುಷಿ. ಆದರೆ ಗ್ವಾಯರ್, ರಾಜ್, ಟಾಟಾ ಟ್ರಸ್ಟ್ ಎಲ್ಲ ಮಾಯವಾಗಿ, ಒಬ್ಬರೇ ಎಲ್ಲ ಮಾಡಿದರು ಎಂಬ ಹಳೆಯ ಕಥೆಯೇ ಮತ್ತೆ ಬರುತ್ತದೆ. ಸಂಸ್ಥೆಯ ಚರಿತ್ರೆಯಾಗಿ ಬರೆಯಬಹುದು. ನ್ಯಾಯವಾಗಿರುತ್ತದೆ, ಆದರೆ ಇಸವಿಗಳ ಪಟ್ಟಿಯಾಗುವ ಭಯ ಇದೆ, ಬಳ್ಳಾರಿಯವರಿಗೆ ಇದರಲ್ಲಿ ನಮ್ಮದೇನು ಅನಿಸುತ್ತದೆ. ಮೂರನೆಯದು, ದೆಹಲಿಯಿಂದ ಬಳ್ಳಾರಿಗೆ, ಬಳ್ಳಾರಿಯಿಂದ ನಾಗರಬಾವಿಗೆ ಎಂದು ರಾವ್ ಅವರ ಓಡಾಟದ ಜೊತೆಗೇ ಸಂಸ್ಥೆಗಳ ಕಥೆ ಹೇಳುವುದು. ನನಗೆ ಇದೇ ಇಷ್ಟ. ಇದರಲ್ಲೂ ಅಪಾಯ ಇದೆ. ಐಸೆಕ್ ಡಿ-ಸ್ಕೂಲ್‌ನ ಶಾಖೆ ಎಂಬಂತೆ ಕೇಳಿಬಿಡಬಹುದು. ಅದು ಹಾಗಲ್ಲ. ಡಿ-ಸ್ಕೂಲ್ ವಿಶ್ವವಿದ್ಯಾಲಯದ ಒಳಗಿನದು, ಎಂಎ ಪಾಠ ನಡೆಸುವ ಜಾಗ. ಐಸೆಕ್ ಸ್ವತಂತ್ರವಾದ ಸಂಶೋಧನಾ ಸಂಸ್ಥೆ. ಈ ಎರಡರ ನಡುವೆ, 1958ರಲ್ಲಿ, ರಾವ್ ದೆಹಲಿಯಲ್ಲೇ ಇನ್ಸ್‌ಟಿಟ್ಯೂಟ್ ಆಫ್ ಎಕನಾಮಿಕ್ ಗ್ರೋತ್ ಕೂಡ ನಿಲ್ಲಿಸಿದರು. ಅದನ್ನು ಬಿಟ್ಟರೆ ಕಥೆಯಲ್ಲಿ ಒಂದು ಮೆಟ್ಟಿಲು ತಪ್ಪುತ್ತದೆ.

ಡಿ-ಸ್ಕೂಲ್‌ನಲ್ಲಿ ಕಲಿತವರು, ಕಲಿಸಿದವರು ಬರೆದ ನೆನಪುಗಳು ಸಾಕಷ್ಟಿವೆ. ಅವನ್ನು ಓದಿ, ಆದರೆ ಇಸವಿಗೆ ನಂಬಬೇಡಿ. ನೆನಪಿನಲ್ಲಿ ಎಲ್ಲರೂ ಒಂದೇ ಕಾಲದಲ್ಲಿ ಕಾರಿಡಾರಿನಲ್ಲಿ ಓಡಾಡುತ್ತಿರುತ್ತಾರೆ. ಭಗವತಿ ಬಿಟ್ಟುಹೋದ ಮೇಲೆ ಬಂದ ಮನಮೋಹನ್ ಸಿಂಗ್ ಅವರನ್ನು ಭಗವತಿ ಜೊತೆ ಕಾಫಿ ಕುಡಿಸಿಬಿಟ್ಟ ಬರಹ ನಿಮಗೂ ಸಿಗಬಹುದು. ವಿಶ್ವವಿದ್ಯಾಲಯದ ಕ್ಯಾಲೆಂಡರ್, ವಾರ್ಷಿಕ ವರದಿ, ಲೋಕಸಭೆಯ ಸದಸ್ಯರ ಪರಿಚಯ ಪುಟ, ಇವುಗಳಲ್ಲಿ ಎರಡು ಕಡೆ ಸಿಕ್ಕ ಇಸವಿಯನ್ನು ಮಾತ್ರ ಹಾಕಿ.

ಕೊನೆಗೆ ನಿಮ್ಮ ಸ್ಟಾಫ್ ರೂಮಿನ ಜಗಳ. ದೆಹಲಿಯ 1922, 1942, 1949 ನೋಡಿದಿರಲ್ಲ, ನಿಮ್ಮಲ್ಲೂ ಹಾಗೇ ಇರುತ್ತದೆ. ಬಿಎ ತರಗತಿಗೆ ಅರ್ಥಶಾಸ್ತ್ರ ಐಚ್ಛಿಕವಾಗಿ ಬಂದ ವರ್ಷ ಒಂದು. ಪೂರ್ಣಾವಧಿ ಹುದ್ದೆ ಮಂಜೂರಾದ ವರ್ಷ ಒಂದು. ಇತಿಹಾಸ, ರಾಜ್ಯಶಾಸ್ತ್ರದಿಂದ ಬೇರೆಯಾಗಿ ವಿಭಾಗ ಎಂಬ ಬೋರ್ಡು ಬಿದ್ದ ವರ್ಷ ಇನ್ನೊಂದು. ಜಗಳ ಆಡುವವರು ಬೇರೆ ಬೇರೆ ವರ್ಷದ ಬಗ್ಗೆ ಮಾತಾಡುತ್ತಿರುತ್ತಾರೆ, ಎಲ್ಲರೂ ಸರಿ ಇರುತ್ತಾರೆ. ನಾನಾದರೆ ಹುದ್ದೆ ಮಂಜೂರಾದ ವರ್ಷವನ್ನು ಹಿಡಿಯುತ್ತೇನೆ. ಅದಕ್ಕೆ ಆದೇಶದ ಪ್ರತಿ ಇರುತ್ತದೆ, ಸಂಬಳದ ರಿಜಿಸ್ಟರ್ ಇರುತ್ತದೆ. ಐವತ್ತು ವರ್ಷದ ಹಿಂದೆ ನಿಮ್ಮ ಕಡೆಯ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದ್ದವು. 1980ರಲ್ಲಿ ಗುಲ್ಬರ್ಗಕ್ಕೆ ಹೋದವು. 2010ರಲ್ಲಿ ಬಳ್ಳಾರಿಗೇ ವಿಶ್ವವಿದ್ಯಾಲಯ ಬಂತು. ಹಾಗಾಗಿ ಸಂಯೋಜನೆಯ ಪತ್ರಗಳನ್ನು ಬಳ್ಳಾರಿಯಲ್ಲಿ ಹುಡುಕಿ ಸಿಗಲಿಲ್ಲ ಎಂದು ಕೈಬಿಡಬೇಡಿ. ಮೊದಲು ಕಾಲೇಜಿನ ಹಳೆಯ ಬೀರು ನೋಡಿ, ಆಮೇಲೆ ಧಾರವಾಡಕ್ಕೆ ಒಂದು ಪತ್ರ ಹಾಕಿ. ಉತ್ತರ ಬರುವುದು ತಡವಾದರೆ ಮುಖಪುಟದಲ್ಲಿ ಇಸವಿ ಹಾಕದೆ ಬರೀ ‘ಸುವರ್ಣ ಸಂಚಿಕೆ’ ಅಂತ ಹಾಕಿ ಅಚ್ಚಿಗೆ ಕೊಡಿ. ಒಳಗಿನ ಲೇಖನದಲ್ಲಿ ಮೂರೂ ವರ್ಷಗಳನ್ನು ಬರೆದು, ಯಾವ ವರ್ಷ ಏನಾಯಿತು ಎಂದು ಹೇಳಿಬಿಡಿ.